‘ರೂಢಿಯಾಗಿದೆ’ ಎಂಬ ಮಾತು: ಉಷ್ಣ, ಸ್ನಾಯು ಮತ್ತು ದುಡಿಮೆಯ ಚರಿತ್ರೆ

೧

ಮಂಗಳೂರಿನ ಹಂಚಿನ ಕೈಗಾರಿಕೆಯ ಚರಿತ್ರೆಯನ್ನು ತರಗತಿಯಲ್ಲಿ ಬೋಧಿಸುವಾಗ, ಭಟ್ಟಿಯ ಬಳಿ ದುಡಿಯುತ್ತಿದ್ದವರು ಆ ಬೇಗೆಯನ್ನು ಹೇಗೆ ತಾಳಿಕೊಂಡರೆಂಬ ಪ್ರಶ್ನೆ ಒಮ್ಮೊಮ್ಮೆ ಏಳುವುದುಂಟು. ಉತ್ತರವೂ ಸಾಮಾನ್ಯವಾಗಿ ವಿದ್ಯಾರ್ಥಿಗಳಿಂದಲೇ ಬರುತ್ತದೆ: “ಅವರಿಗೆ ರೂಢಿಯಾಗಿತ್ತು.” ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ, ಪೂರ್ತಿ ನಿಜವೆಂದು ಒಪ್ಪುವಂತೆಯೂ ಇಲ್ಲ. ಬಿಸಿಲಿನಲ್ಲಿ ಗಾರೆ ಹೊರುವವರನ್ನೂ, ರಸ್ತೆಗೆ ಡಾಮರು ಹಾಕುವವರನ್ನೂ ಕಂಡಾಗ ಇದೇ ಮಾತನ್ನು ನಾವು ಇಂದಿಗೂ ಆಡುತ್ತೇವೆ. ಆಡಿದೊಡನೆ ನಮ್ಮ ಮನಸ್ಸು ಹಗುರವಾಗುತ್ತದೆ. ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ರೂಢಿ ಎಂದರೇನು? ಅದು ಹುಟ್ಟಿನಿಂದ ಬಂದುದೋ, ದುಡಿದು ಗಳಿಸಿದುದೋ? ಅದಕ್ಕೆ ಮೇರೆಯುಂಟೋ? ಈ ಪ್ರಶ್ನೆಗಳಿಗೆ ಕಳೆದ ನೂರು ವರ್ಷಗಳಲ್ಲಿ ಗಣಿಗಳ ವೈದ್ಯರೂ ಪ್ರಯೋಗಶಾಲೆಯ ವಿಜ್ಞಾನಿಗಳೂ ಹಂತಹಂತವಾಗಿ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳು ಕಾರ್ಮಿಕ ಚರಿತ್ರೆಯ ವಿದ್ಯಾರ್ಥಿಗೆ ಯಾವ ಬಗೆಯಲ್ಲಿ ಉಪಯುಕ್ತವೆಂಬುದನ್ನು ವಿಚಾರಿಸುವುದು ಈ ಪ್ರಬಂಧದ ಉದ್ದೇಶ. ಲೇಖಕನು ಜೀವವಿಜ್ಞಾನದ ವಿದ್ಯಾರ್ಥಿಯಲ್ಲ. ಆ ಶಾಸ್ತ್ರದಲ್ಲಿ ನೆಲೆನಿಂತ ಸಂಗತಿಗಳನ್ನು ಚರಿತ್ರೆಯ ದೃಷ್ಟಿಯಿಂದ ಜೋಡಿಸಿ ನೋಡುವುದಷ್ಟೇ ಇಲ್ಲಿಯ ಪ್ರಯತ್ನ.

೨

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಅವರ ಪೈಕಿ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ನೇತ್ರಾವತಿಯ ದಡದ ಆವೆಮಣ್ಣಿನ ಗುಣವನ್ನು ಪರೀಕ್ಷಿಸಿ ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮೂರು ವರ್ಷಗಳ ತರುವಾಯ, ೧೮೬೮ರಲ್ಲಿ, ಆಲ್ಬುಕರ್ಕ್ ಮನೆತನದವರು ತಮ್ಮ ಕಾರ್ಖಾನೆಯನ್ನು ತೆರೆದರು. ಬರಬರುತ್ತ ನೇತ್ರಾವತಿ, ಗುರುಪುರ ನದಿಗಳ ಇಕ್ಕೆಲಗಳಲ್ಲಿ ಹೊಗೆಗೂಡುಗಳು ಎದ್ದು, ‘ಮಂಗಳೂರು ಹಂಚು’ ಎಂಬ ಹೆಸರು ಕಡಲಾಚೆಗೂ ಹಬ್ಬಿತು. ಇವೆಲ್ಲವೂ ನಮ್ಮ ಪಠ್ಯಗಳಲ್ಲಿ ಇವೆ. ಯಾವ ವರ್ಷ ಎಷ್ಟು ಹಂಚು ಹಡಗೇರಿತು, ಯಾವ ಕಾರ್ಖಾನೆ ಯಾರ ಕೈಗೆ ಹೋಯಿತು ಎಂಬ ವಿಷಯಗಳಲ್ಲಿ ಚರಿತ್ರಕಾರರಿಗೆ ಆಸಕ್ತಿ ಇದ್ದೇ ಇದೆ. ಹಂಚು ಹೊತ್ತವರ ಮೈಯ ಉಷ್ಣಮಾನದ ವಿಚಾರಕ್ಕೆ ಮಾತ್ರ ಈ ಪಠ್ಯಗಳಲ್ಲಿ ಎಡೆಯಿಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ನೆನೆಯೋಣ. ಮಣ್ಣನ್ನು ಕಲಸಿ, ಒತ್ತುಯಂತ್ರದಲ್ಲಿ ಅಚ್ಚು ಹಾಕಿ, ನೆರಳಿನಲ್ಲಿ ಒಣಗಿಸಿ, ಹಸಿ ಹಂಚುಗಳನ್ನು ಭಟ್ಟಿಯೊಳಗೆ ಒಟ್ಟಬೇಕು. ಸೌದೆಯುರಿಯಲ್ಲಿ ಅವು ಬೇಯಬೇಕು. ಬೆಂದ ಬಳಿಕ ಭಟ್ಟಿ ಇನ್ನೂ ಬೆಚ್ಚಗಿರುವಾಗಲೇ ಅವನ್ನು ಹೊರಕ್ಕೆ ಸಾಗಿಸಬೇಕು. ಹೊರುವ ಕೆಲಸದ ದೊಡ್ಡ ಪಾಲು ಹೆಂಗಸರದಾಗಿತ್ತು. ಇಲ್ಲಿ ಎರಡು ಬಿಸಿಗಳು ಕೂಡುತ್ತವೆಂಬುದನ್ನು ಗಮನಿಸಬೇಕು. ಒಂದು ಭಟ್ಟಿಯದು, ಇನ್ನೊಂದು ಹೊರುವವರ ಮೈಯೊಳಗೇ ಹುಟ್ಟುವಂಥದು. ಇವೆರಡರ ಮೇಲೆ ಮೂರನೆಯದಾಗಿ ಕರಾವಳಿಯ ಹವೆಯ ತೇವ ಸೇರುತ್ತದೆ. ಬಯಲುಸೀಮೆಯ ರಾಯಚೂರು, ಕಲಬುರಗಿಗಳ ಬಿಸಿಲು ನಮ್ಮದಕ್ಕಿಂತ ತೀಕ್ಷ್ಣ. ಆದರೆ ಅಲ್ಲಿಯ ಒಣಹವೆಯಲ್ಲಿ ಬೆವರು ಬೇಗನೆ ಆರುತ್ತದೆ. ಒಂದು ಲೀಟರು ಬೆವರು ಮೈಮೇಲೆ ಪೂರ್ತಿಯಾಗಿ ಆವಿಯಾದರೆ ಸುಮಾರು ೫೮೦ ಕಿಲೋ ಕ್ಯಾಲೊರಿಗಳಷ್ಟು ಉಷ್ಣವನ್ನು ಒಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಈ ಪ್ರಯೋಜನವಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಂಗಳೂರಿನಲ್ಲಿ ಅಂಗಿ ಒದ್ದೆಯಾಗಿಯೇ ಉಳಿಯುವುದು ನಮ್ಮೆಲ್ಲರ ಅನುಭವ. ಬೆವರು ಸುರಿದರೂ ಮೈ ತಂಪಾಗುವುದಿಲ್ಲ.

ಈ ವಿಷಯದಲ್ಲಿ ಶಾಸನ ಮೆಲ್ಲಗೆ ನಡೆಯಿತು. ೧೮೮೧ರ ಮೊದಲ ಕಾರ್ಖಾನೆ ಕಾಯಿದೆಯ ಮುಖ್ಯ ಕಾಳಜಿ ಮಕ್ಕಳ ವಯಸ್ಸು ಮತ್ತು ದುಡಿಮೆಯ ಗಂಟೆಗಳಾಗಿದ್ದುವು. ಸ್ವತಂತ್ರ ಭಾರತದ ೧೯೪೮ರ ಕಾಯಿದೆಯಲ್ಲಿ, ಅದರ ೧೩ನೆಯ ವಿಧಿಯ ಮೂಲಕ, ಕೆಲಸದ ಕೋಣೆಯ ಗಾಳಿಯೂ ಉಷ್ಣಮಾನವೂ ಕೆಲಸಗಾರರಿಗೆ ಹಿತಕರವಾಗಿರುವಂತೆ ನೋಡಿಕೊಳ್ಳುವುದು ಮಾಲಿಕರ ಹೊಣೆಯೆಂದು ವಿಧಿಸಲಾಯಿತು. ಅಷ್ಟರಲ್ಲಿ ಜೆಪ್ಪುವಿನ ಮೊದಲ ಭಟ್ಟಿ ಉರಿದು ಎಂಬತ್ತಮೂರು ವರ್ಷಗಳಾಗಿದ್ದುವು.

೩

ಮೈಯೊಳಗಿನ ಬಿಸಿ ಎಲ್ಲಿ ಹುಟ್ಟುತ್ತದೆ? ಎಲುಬುಗಳಿಗೆ ಹತ್ತಿಕೊಂಡು ಮೈಯನ್ನು ಚಲಿಸುವ ಮಾಂಸಖಂಡಗಳಿಗೆ ಅಸ್ಥಿಸ್ನಾಯುಗಳೆಂದು ಹೆಸರು. ಪ್ರಾಪ್ತವಯಸ್ಕನ ದೇಹತೂಕದಲ್ಲಿ ಇವುಗಳದು ಹೆಚ್ಚುಕಡಮೆ ಐದರಲ್ಲಿ ಎರಡು ಪಾಲು. ಸ್ನಾಯು ದುಡಿಯುವಾಗ ಅದು ವ್ಯಯಮಾಡುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲು ಮಾತ್ರ, ಹಲವು ವೇಳೆ ಅದಕ್ಕಿಂತಲೂ ಕಡಮೆ, ಕೆಲಸವಾಗಿ ಪರಿಣಮಿಸುತ್ತದೆ, ಉಳಿದುದು ಬಿಸಿಯಾಗುತ್ತದೆ. ಈ ಬಿಸಿಯನ್ನು ಅತಿ ಸೂಕ್ಷ್ಮವಾಗಿ ಅಳೆದು ತೋರಿಸಿದ ಇಂಗ್ಲೆಂಡಿನ ಏ. ವಿ. ಹಿಲ್ ಅವರಿಗೆ ೧೯೨೨ರ ನೊಬೆಲ್ ಪಾರಿತೋಷಕ ದೊರೆಯಿತು. ಇದೇ ಹಿಲ್ ಅವರು ೧೯೪೩-೪೪ರಲ್ಲಿ ಭಾರತಕ್ಕೆ ಬಂದು ನಮ್ಮ ವಿಜ್ಞಾನ ಸಂಶೋಧನೆಯ ವ್ಯವಸ್ಥೆಯ ಬಗ್ಗೆ ಸರಕಾರಕ್ಕೆ ಸಲಹೆ ನೀಡಿದರೆಂಬುದು ಚರಿತ್ರೆಯ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ.

ಹೀಗಾಗಿ ಹಂಚು ಹೊರುವವಳು ತಾನೇ ಒಂದು ಸಣ್ಣ ಒಲೆಯನ್ನು ಹೊತ್ತು ಭಟ್ಟಿಯ ಬಳಿಗೆ ಹೋಗುತ್ತಾಳೆಂದರೆ ಅತಿಶಯೋಕ್ತಿಯಾಗಲಾರದು. ಕಠಿಣ ದುಡಿಮೆಯಲ್ಲಿ ಸ್ನಾಯುವಿನ ಉಷ್ಣಮಾನ ದೇಹದ ಉಳಿದ ಭಾಗಕ್ಕಿಂತ ಮೇಲೇರಿ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದುಂಟು. ಬಿಸಿಯ ಮೊದಲ ಪೆಟ್ಟು ಬೀಳುವ ಜಾಗಗಳಲ್ಲಿ ಸ್ನಾಯುವೂ ಒಂದು.

೪

ಕರಾವಳಿಯ ಭಟ್ಟಿಗಳ ಬಗ್ಗೆ ದೊರೆಯದ ವೈದ್ಯಕೀಯ ದಾಖಲೆ ಕರ್ನಾಟಕದಲ್ಲೇ ಇನ್ನೊಂದೆಡೆ ದೊರೆಯುತ್ತದೆ. ಅದು ಕೋಲಾರದ ಚಿನ್ನದ ಗಣಿ. ೧೮೮೦ರಿಂದ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ಬೆಳೆದ ಈ ಗಣಿಗಳಿಗೆ ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆಳಕ್ಕಿಳಿದಂತೆಲ್ಲ ಬಂಡೆಯ ಉಷ್ಣ ಏರುತ್ತದೆ. ತೀರ ಕೆಳಗಿನ ಹಂತಗಳಲ್ಲಿ ಅದು ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಕೃತಕವಾಗಿ ತಂಪುಮಾಡಿದ ಗಾಳಿಯಿಲ್ಲದೆ ಅಲ್ಲಿ ಮನುಷ್ಯರು ದುಡಿಯುವುದೇ ಅಸಾಧ್ಯವಾಗಿತ್ತು. ಆ ಕತ್ತಲೆಗೆ ಇಳಿದವರಲ್ಲಿ ಬಹುಸಂಖ್ಯಾತರು ತಮಿಳು ಸೀಮೆಯಿಂದ ಬಂದ ದಲಿತ ಕುಟುಂಬಗಳವರು.

ಗಣಿಗಳ ಉಷ್ಣವನ್ನು ಕುರಿತ ಶಾಸ್ತ್ರೀಯ ವಿಚಾರ ಇಂಗ್ಲೆಂಡಿನ ಜೆ. ಎಸ್. ಹಾಲ್ಡೇನ್ ಅವರಿಂದ ಸ್ಪಷ್ಟ ರೂಪ ತಾಳಿತು. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿದಾಗ ಅದು ತೋರಿಸುವ ಅಂಕಿಯೇ ಕೆಲಸಗಾರನ ಪಾಲಿಗೆ ನಿರ್ಣಾಯಕವೆಂದು ಅವರು ೧೯೦೫ರಲ್ಲಿ ತೋರಿಸಿಕೊಟ್ಟರು. ಆ ಅಂಕಿಯಲ್ಲಿ ಬಿಸಿಯೂ ತೇವವೂ ಕೂಡಿಯೇ ಬರುತ್ತವೆ. ಗಾಳಿಯಾಡದೆಡೆಯಲ್ಲಿ ಅದು ಸುಮಾರು ೩೧ ಡಿಗ್ರಿ ದಾಟಿದರೆ ಅರೆಬತ್ತಲೆಯಾಗಿರುವವನ ಮೈಯ ಉಷ್ಣವೂ ಏರತೊಡಗುತ್ತದೆ. ೧೯೨೩ರಲ್ಲಿ ಮಾಸ್ ಎಂಬವರು ಬಿಸಿ ಗಣಿಗಳ ಕೆಲಸಗಾರರಿಗೆ ಬರುವ ಸ್ನಾಯುಸೆಳೆತಕ್ಕೆ ಕಾರಣವನ್ನು ಹುಡುಕಿದರು: ಬೆವರಿನೊಡನೆ ಉಪ್ಪು ಹೋಗುತ್ತದೆ, ಬರಿಯ ನೀರು ಕುಡಿದರೆ ಆ ನಷ್ಟ ತುಂಬುವುದಿಲ್ಲ. ನಮ್ಮ ಕಡೆಯ ದುಡಿಯುವ ಜನ ಕುಚ್ಚಲಕ್ಕಿ ಗಂಜಿಯನ್ನು ತಿಳಿಯೊಡನೆ, ಉಪ್ಪು, ಉಪ್ಪಿನಕಾಯಿಗಳೊಡನೆ ಉಣ್ಣುವ ಪದ್ಧತಿಯನ್ನು ಈ ಬೆಳಕಿನಲ್ಲಿ ನೋಡಿದರೆ, ಬಡತನದ ಊಟವೆಂದು ನಾವು ಕರೆದುದರಲ್ಲಿ ದೇಹರಕ್ಷಣೆಯ ಅಂಶವೂ ಇತ್ತೆಂದು ತೋರುತ್ತದೆ.

ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರಾಂಡಿನ ಚಿನ್ನದ ಗಣಿಗಳಲ್ಲಿ ೧೯೨೪ರಿಂದ ಉಷ್ಣಾಘಾತದ ಮರಣಗಳು ದಾಖಲಾದುವು. ಅಲ್ಲಿಯ ವೈದ್ಯ ಡ್ರಿಯೋಸ್ಟಿ ೧೯೩೫ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಒಂದು ಕ್ರಮ ನೆಲೆಗೊಂಡಿತು. ಹೊಸಬರನ್ನು ಮೊದಲು ಪರೀಕ್ಷಿಸಿ, ಸುಮಾರು ಎರಡು ವಾರಗಳ ಕಾಲ ಬಿಸಿಯಲ್ಲಿ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ, ಆ ಬಳಿಕವೇ ಪೂರ್ತಿ ದುಡಿಮೆಗೆ ಬಿಡುವುದು ಆ ಕ್ರಮ. ಕೋಲಾರದಲ್ಲಿ ಕಾಪ್ಲನ್ ಅವರು ನೆಲದಡಿಯ ಕೆಲಸಗಾರರು ಕುಸಿದುಬೀಳುವ ಪ್ರಸಂಗಗಳನ್ನು ವಿಶ್ಲೇಷಿಸಿ ೧೯೪೪ರಲ್ಲಿ ಬರೆದರು. ಲಿಂಡ್ಸೆಯವರೊಡನೆ, ಅಧಿಕೋಷ್ಣದಿಂದ ಕೆಲಸಗಾರರ ದಕ್ಷತೆ ಹೇಗೆ ಕುಗ್ಗುತ್ತದೆಂಬುದನ್ನು ಪ್ರಯೋಗದಿಂದ ಪರಿಶೀಲಿಸಿ ೧೯೪೬ರಲ್ಲಿ ಪ್ರಕಟಿಸಿದರು. ನಮ್ಮ ನಾಡಿನ ದುಡಿಮೆಯ ಉಷ್ಣವನ್ನು ಅಳೆದು ಬರೆದಿಟ್ಟ ಅಪರೂಪದ ದಾಖಲೆಗಳಿವು.

ಈ ದಾಖಲೆಗಳನ್ನು ಓದುವಾಗ ಒಂದು ಎಚ್ಚರ ಅವಶ್ಯ. ಅವುಗಳ ಪ್ರಶ್ನೆ ಬಹುಮಟ್ಟಿಗೆ ಗಣಿಯ ಉತ್ಪನ್ನದ ಪ್ರಶ್ನೆ. ಕೆಲಸಗಾರನ ಸುಖದುಃಖ ಅದರ ಹಿಂದಿನಿಂದ ಬರುತ್ತದೆ. ಆದರೂ ಅವು ಒಂದು ದೊಡ್ಡ ಭ್ರಮೆಯನ್ನು ಒಡೆದುವು. ಉಷ್ಣದೇಶದವರ ಮೈ ಹುಟ್ಟಿನಿಂದಲೇ ಬಿಸಿಗೆ ತಕ್ಕುದಾಗಿದೆ, ಆದುದರಿಂದ ತೋಟಗಳಲ್ಲಿಯೂ ಗಣಿಗಳಲ್ಲಿಯೂ ಅವರೇ ದುಡಿಯತಕ್ಕವರು ಎಂಬ ನಂಬಿಕೆ ವಸಾಹತು ಆಡಳಿತದ ಕಾಲದಲ್ಲಿ ವ್ಯಾಪಕವಾಗಿತ್ತು. ಅದು ನಿಜವಾಗಿದ್ದರೆ ಆಫ್ರಿಕದ ಗಣಿಗೆ ಬಂದ ಆಫ್ರಿಕದವನಿಗೆ ಎರಡು ವಾರಗಳ ಅಭ್ಯಾಸವೇ ಬೇಕಿರಲಿಲ್ಲ. ಅಭ್ಯಾಸವಿಲ್ಲದವನು ಯಾವ ದೇಶದವನಾದರೂ ಕುಸಿದನು; ಅಭ್ಯಾಸವಾದವನೂ ಕೆಲವು ವಾರಗಳ ಕಾಲ ದೂರವಿದ್ದು ಮರಳಿದರೆ ಆ ತಾಳಿಕೆಯನ್ನು ಮತ್ತೆ ಗಳಿಸಬೇಕಾಯಿತು.

೫

ಹೀಗೆ ರೂಢಿ ಎಂಬುದು ದೇಹ ಗಳಿಸುವ ಒಂದು ಶಕ್ತಿ ಎಂಬುದು ಗಣಿಗಳಲ್ಲಿ ತಿಳಿದುಬಂದಿತು. ಜೀವಕೋಶದೊಳಗೆ ಆಗ ನಡೆಯುವುದೇನೆಂಬುದು ಮಾತ್ರ ಇನ್ನೂ ಮುಚ್ಚಿದ ಬಾಗಿಲಾಗಿತ್ತು. ಅದು ತೆರೆದದ್ದು ಕಾರ್ಮಿಕರಿಗಾಗಲಿ ಸ್ನಾಯುವಿಗಾಗಲಿ ಸಂಬಂಧವಿಲ್ಲದ ಒಂದು ಆಕಸ್ಮಿಕದಿಂದ. ಇಟಲಿಯ ವಿಜ್ಞಾನಿ ಫೆರುಚ್ಚಿಯೊ ರಿಟೊಸ್ಸ ಅವರು ಹಣ್ಣುನೊಣದ ಮರಿಹುಳುಗಳನ್ನು ಅಭ್ಯಸಿಸುತ್ತಿದ್ದರು. ಪ್ರಯೋಗಶಾಲೆಯಲ್ಲಿ ಯಾರೋ ಕಾವುಪೆಟ್ಟಿಗೆಯ ಉಷ್ಣಮಾನವನ್ನು ಏರಿಸಿಬಿಟ್ಟಿದ್ದರು. ಆಗ ಹುಳುವಿನ ಲಾಲಾಗ್ರಂಥಿಯ ವರ್ಣತಂತುಗಳಲ್ಲಿ, ಹಿಂದೆ ಇಲ್ಲದ ಸ್ಥಳಗಳಲ್ಲಿ, ಉಬ್ಬುಗಳು ಕಾಣಿಸಿಕೊಂಡುವು. ಆ ಉಬ್ಬು ಅಲ್ಲಿಯ ಜೀನುಗಳು ಎಚ್ಚತ್ತು ಕೆಲಸಕ್ಕೆ ತೊಡಗಿದುದರ ಗುರುತು. ಈ ಸಂಗತಿ ೧೯೬೨ರಲ್ಲಿ ‘ಎಕ್ಸ್‌ಪೀರಿಯೆನ್ಷಿಯ’ ಎಂಬ ಪತ್ರಿಕೆಯಲ್ಲಿ ಬೆಳಕು ಕಂಡಿತು. ಆ ಪತ್ರಿಕೆ ಹೊರಡುತ್ತಿದ್ದುದು ಬಾಸೆಲ್ ನಗರದಿಂದ. ನಮ್ಮೂರಿಗೆ ಹಂಚಿನ ಭಟ್ಟಿಯನ್ನು ಕಳುಹಿಸಿದ ಊರಿನಿಂದಲೇ, ಒಂದು ಶತಮಾನದ ತರುವಾಯ, ಆ ಭಟ್ಟಿಯ ಬೇಗೆಯನ್ನು ಅರ್ಥಮಾಡಿಕೊಳ್ಳುವ ಮೊದಲ ಸುಳಿವೂ ಹೊರಟಿತೆಂಬುದು ಕೇವಲ ಕಾಕತಾಳೀಯ. ಆದರೂ ಮಂಗಳೂರಿನವರಿಗೆ ನೆನಪಿನಲ್ಲಿ ಉಳಿಯತಕ್ಕ ಸಂಗತಿ.

ಭಾರತದಲ್ಲಿಯೂ ಈ ಉಬ್ಬುಗಳ ಅಭ್ಯಾಸ ಬೇಗನೆ ಆರಂಭವಾಯಿತು. ೧೯೭೦ರಲ್ಲಿ ಲಖೋಟಿಯ ಮತ್ತು ಮುಖರ್ಜಿಯವರು ಅಂಥ ಒಂದು ಉಬ್ಬನ್ನು ರಾಸಾಯನಿಕವೊಂದರಿಂದ ಎಬ್ಬಿಸಿ ತೋರಿಸಿದರು. ೧೯೭೪ರಲ್ಲಿ ಟಿಸ್ಸಿಯೇರ್, ಮಿಚೆಲ್, ಟ್ರೇಸಿ ಇವರು ಬಿಸಿ ತಗುಲಿದ ಕೋಶಗಳಲ್ಲಿ ಹೊಸದಾಗಿ ತಯಾರಾಗುವ ಪ್ರೋಟೀನುಗಳನ್ನೇ ಗುರುತಿಸಿದರು. ಇವಕ್ಕೆ ಉಷ್ಣಾಘಾತ ಪ್ರೋಟೀನುಗಳೆಂಬ ಹೆಸರು ಬಂದಿತು. ಅಣುತೂಕವನ್ನು ಅನುಸರಿಸಿ ಇವುಗಳನ್ನು ಎಚ್‌ಎಸ್‌ಪಿ ೭೦, ಎಚ್‌ಎಸ್‌ಪಿ ೯೦ ಎಂದು ಮುಂತಾಗಿ ಕರೆಯುತ್ತಾರೆ. ನೊಣ, ಗಿಡ, ಇಲಿ, ಮನುಷ್ಯ ಇವರೆಲ್ಲರಲ್ಲೂ ಇವು ಬಹುಮಟ್ಟಿಗೆ ಒಂದೇ ಬಗೆಯವು.

ಇವುಗಳ ಕೆಲಸವನ್ನು ಸರಳವಾಗಿ ಹೀಗೆ ವಿವರಿಸಬಹುದು. ಪ್ರೋಟೀನು ಎಂಬುದು ಉದ್ದನೆಯ ಸರ. ಅದು ತಕ್ಕ ರೀತಿಯಲ್ಲಿ ಮಡಚಿಕೊಂಡಾಗಲೇ ಕೆಲಸಕ್ಕೆ ಬರುತ್ತದೆ. ಬಿಸಿ ಹೆಚ್ಚಿದರೆ ಮಡಿಕೆ ಬಿಚ್ಚಿ ಸರಗಳು ಒಂದಕ್ಕೊಂದು ತೊಡರಿ ಗಂಟಾಗುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ಗಟ್ಟಿಯಾಗುವುದು ಇಂಥ ತೊಡಕಿನ ಪರಮಾವಧಿ. ಎಚ್‌ಎಸ್‌ಪಿ ೭೦ ಮೊದಲಾದವು ಬಿಚ್ಚಿದ ಸರವನ್ನು ಹಿಡಿದು, ಗಂಟಾಗದಂತೆ ಕಾದು, ಮತ್ತೆ ಮಡಚಿಕೊಳ್ಳಲು ನೆರವಾಗುತ್ತವೆ. ಸರಿಪಡದವನ್ನು ಒಡೆದುಹಾಕುವ ವ್ಯವಸ್ಥೆಗೆ ಒಪ್ಪಿಸುತ್ತವೆ. ಎಂದಿನ ಸ್ಥಿತಿಯಲ್ಲಿ ಈ ಕಾವಲುಗಾರರು, ತಮ್ಮ ಜೀನನ್ನು ಎಬ್ಬಿಸಬಲ್ಲ ಎಚ್‌ಎಸ್‌ಎಫ್ ೧ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದುಕೊಂಡಿರುತ್ತಾರೆ. ಕೆಟ್ಟ ಸರಗಳು ಹೆಚ್ಚಾದಾಗ ಅವುಗಳ ಕಡೆಗೆ ಧಾವಿಸುತ್ತಾರೆ. ಬಿಡುಗಡೆಯಾದ ಎಚ್‌ಎಸ್‌ಎಫ್ ೧ ಕೋಶಕೇಂದ್ರಕ್ಕೆ ಹೋಗಿ ಹೊಸ ಕಾವಲುಗಾರರನ್ನು ತಯಾರಿಸುವ ಆಜ್ಞೆ ಕೊಡುತ್ತದೆ.

ಸ್ನಾಯುವಿನಲ್ಲಿ ಇದರ ಮಹತ್ವ ೧೯೯೦ರ ಸುಮಾರಿಗೆ ಸ್ಪಷ್ಟವಾಯಿತು. ಲಾಕ್, ನೋಬಲ್, ಅಟ್ಕಿನ್‌ಸನ್ ಇವರು ಓಡಿಸಿದ ಇಲಿಗಳಲ್ಲಿ ಈ ಪ್ರೋಟೀನುಗಳು ಹೊಸದಾಗಿ ತಯಾರಾಗುವುದನ್ನು ೧೯೯೦ರಲ್ಲಿ ತೋರಿಸಿದರು. ನಿಲ್ಲುವುದು, ನಡೆಯುವುದು ಮುಂತಾದ ದೀರ್ಘ ದುಡಿಮೆಯ ನಿಧಾನ ತಂತುಗಳಿಂದಾದ ಸ್ನಾಯುಗಳಲ್ಲಿ ಇವುಗಳ ಸಂಗ್ರಹ ಸದಾ ಇರುತ್ತದೆಂದು ಮರುವರ್ಷ ಕಂಡುಕೊಂಡರು. ಸದಾ ದುಡಿಯುವ ಸ್ನಾಯು ಸದಾ ಸಿದ್ಧವಾಗಿರುತ್ತದೆ! ೨೦೦೪ರಲ್ಲಿ ಟಪ್ಲಿಂಗ್ ಮತ್ತು ಸಂಗಡಿಗರು ಇನ್ನೂ ನಿರ್ದಿಷ್ಟವಾದ ಒಂದು ಸಂಗತಿಯನ್ನು ಕಂಡರು. ಸಂಕೋಚಿಸಿದ ಸ್ನಾಯು ಸಡಿಲಗೊಳ್ಳಬೇಕಾದರೆ ಕ್ಯಾಲ್ಸಿಯಮ್ಮನ್ನು ಅದರ ಕೋಶಾಂತರ್ಗತ ಚೀಲಕ್ಕೆ ಮರಳಿ ತುಂಬುವ ಪಂಪು ಕೆಲಸಮಾಡಬೇಕು. ಬಿಸಿಗೆ ಈ ಪಂಪು ಬೇಗನೆ ಕೆಡುತ್ತದೆ. ಎಚ್‌ಎಸ್‌ಪಿ ೭೦ ಅದಕ್ಕೆ ಅಂಟಿಕೊಂಡು ಅದನ್ನು ರಕ್ಷಿಸುತ್ತದೆ. ಮುಂಚಿತವಾಗಿ ಬಿಸಿ ತಾಗಿಸಿದ ಇಲಿಗಳನ್ನು ಕಾಲಿನ ಮೇಲೆ ಭಾರಬೀಳದಂತೆ ಇರಿಸಿದಾಗ ಅವುಗಳ ಸ್ನಾಯು ಕ್ಷಯಿಸುವುದು ಕಡಮೆಯಾಯಿತೆಂದು ನೈಟೊ ಮತ್ತು ಸಂಗಡಿಗರು ೨೦೦೦ದಲ್ಲಿ ವರದಿಮಾಡಿದ್ದರು. ಮಿತವಾದ ಬಿಸಿ, ಮುಂದೆ ಬರುವ ಕಷ್ಟಕ್ಕೆ ಸ್ನಾಯುವನ್ನು ಅಣಿಗೊಳಿಸುತ್ತದೆ.

ಆದರೆ ಗಣಿಯವರು ಎರಡು ವಾರಗಳಲ್ಲಿ ಗಳಿಸಿದ ತಾಳಿಕೆಯೆಲ್ಲವೂ ಈ ಪ್ರೋಟೀನುಗಳದೇ ಎಂದು ತಿಳಿಯುವುದು ತಪ್ಪಾದೀತು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗನೆ ಮತ್ತು ಧಾರಾಳವಾಗಿ ಬರುತ್ತದೆ, ಬೆವರಿನಲ್ಲಿ ಉಪ್ಪು ಕಡಮೆಯಾಗುತ್ತದೆ, ಎದೆಬಡಿತ ಇಳಿಯುತ್ತದೆ. ಇವು ಇಡೀ ದೇಹದ ಏರ್ಪಾಡುಗಳು. ಕೋಶದೊಳಗಿನ ಏರ್ಪಾಡು ಇವುಗಳ ಜೊತೆಗಾರ.

೬

ಈಗ ಮೊದಲಿನ ಮಾತಿಗೆ ಮರಳೋಣ. ‘ರೂಢಿಯಾಗಿದೆ’ ಎಂಬುದರಲ್ಲಿ ಸತ್ಯಾಂಶವಿದೆ. ಬಿಸಿಯಲ್ಲಿ ದುಡಿದ ಮೈ ಮಾರ್ಪಡುತ್ತದೆ. ಆದರೆ ಆ ಮಾತಿಗೆ ನಾವು ಮೂರು ಷರತ್ತುಗಳನ್ನು ಸೇರಿಸಲೇಬೇಕು. ಮೊದಲನೆಯದಾಗಿ, ಈ ತಾಳಿಕೆ ಒಂದು ಜಾತಿ, ಕುಲ ಅಥವಾ ದೇಶದ ಸೊತ್ತಲ್ಲ. ಕಾವಲು ಪ್ರೋಟೀನುಗಳು ಮಾಲಿಕನ ಸ್ನಾಯುವಿನಲ್ಲಿಯೂ ಕೂಲಿಯವಳ ಸ್ನಾಯುವಿನಲ್ಲಿಯೂ ಒಂದೇ. ಯಾರು ಬಿಸಿಯಲ್ಲಿ ದುಡಿಯಬೇಕೆಂಬುದನ್ನು ನಿಶ್ಚಯಿಸಿದ್ದು ಸಮಾಜ, ದೇಹವಲ್ಲ. ಎರಡನೆಯದಾಗಿ, ಅದಕ್ಕೆ ಬೆಲೆಯುಂಟು. ಕಾವಲು ಪ್ರೋಟೀನುಗಳನ್ನು ಕಟ್ಟಲು, ಅವು ಕೆಲಸಮಾಡಲು ಶಕ್ತಿ ಬೇಕು; ಬೆವರು ಸುರಿಸಲು ನೀರು, ಉಪ್ಪು ಬೇಕು; ಚೇತರಿಸಿಕೊಳ್ಳಲು ವಿಶ್ರಾಂತಿ ಬೇಕು. ಅರೆಹೊಟ್ಟೆಯಲ್ಲಿ ಗಳಿಸಿದ ರೂಢಿ ಸಾಲದ ಹಣವಿದ್ದಂತೆ. ಮೂರನೆಯದಾಗಿ, ಅದಕ್ಕೆ ಮೇರೆಯುಂಟು. ದೇಹದ ಉಷ್ಣ ೪೦ ಡಿಗ್ರಿಯನ್ನು ಮೀರಿ ಏರುತ್ತ ಹೋದರೆ ಉಷ್ಣಾಘಾತ ಬಂದು ಮೆದುಳು ಕಂಗೆಡುತ್ತದೆ. ಸ್ನಾಯುತಂತುಗಳು ಒಡೆದು, ಅವುಗಳಿಂದ ಹೊರಬಿದ್ದ ಪ್ರೋಟೀನು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಅಭ್ಯಾಸವಾದವನೂ ಇದಕ್ಕೆ ಹೊರತಲ್ಲ.

ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಕಾಂಕ್ರೀಟು ತಾರಸಿಯ ಕಾಲದಲ್ಲಿ ಒಂದೊಂದಾಗಿ ನಿಂತುವು. ಆದರೆ ಬೇಗೆಯ ದುಡಿಮೆ ನಿಂತಿಲ್ಲ. ನಗರದಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳಲ್ಲಿ ದೂರದ ರಾಜ್ಯಗಳಿಂದ ಬಂದವರು ದುಡಿಯುತ್ತಿದ್ದಾರೆ. ಒಣಹವೆಯ ಊರಿನಿಂದ ಬಂದವನಿಗೆ ಕರಾವಳಿಯ ತೇವದ ಬೇಸಗೆಯಲ್ಲಿ ಮೊದಲ ವಾರವೇ ಅತ್ಯಂತ ಅಪಾಯದ ವಾರ. ಭೂಮಿಯ ಉಷ್ಣಮಾನ ಏರುತ್ತಿರುವ ಈ ದಿನಗಳಲ್ಲಿ ತೊಂಬತ್ತು ವರ್ಷಗಳ ಹಿಂದೆ ಗಣಿಗಳಲ್ಲಿ ಕಲಿತ ಪಾಠ ಹಳತಾಗಿಲ್ಲ. ಹೊಸಬನಿಗೆ ಮೊದಲ ದಿನಗಳಲ್ಲಿ ಹಗುರ ಕೆಲಸ, ನೆರಳು, ಉಪ್ಪು ಸೇರಿದ ನೀರು, ನಡುನಡುವೆ ಬಿಡುವು: ಇವಿಷ್ಟನ್ನು ಒದಗಿಸಲು ಪ್ರಯೋಗಶಾಲೆಯೇನೂ ಬೇಕಾಗಿಲ್ಲ.

ಚರಿತ್ರೆಯ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡತಕ್ಕ ಕೆಲಸವಿದೆ. ಜೆಪ್ಪು, ಬೋಳಾರ, ಉಳ್ಳಾಲದ ಕಡೆಗಳಲ್ಲಿ ಭಟ್ಟಿಯ ಬಳಿ ದುಡಿದವರು, ಅವರ ಮನೆಯವರು ಇನ್ನೂ ಇದ್ದಾರೆ. ಅವರನ್ನು ಕಂಡಾಗ ನಾವು ಕೂಲಿ ಎಷ್ಟು, ಸಂಘ ಯಾವುದು, ಮುಷ್ಕರ ಯಾವಾಗ ಎಂದು ಕೇಳುತ್ತೇವೆ. ಇನ್ನು ಕೆಲವು ಪ್ರಶ್ನೆಗಳನ್ನೂ ಸೇರಿಸಬೇಕು: ಕೆಲಸಕ್ಕೆ ಸೇರಿದ ಮೊದಲ ದಿನಗಳು ಹೇಗಿದ್ದುವು? ಎಷ್ಟು ಹೊತ್ತಿಗೊಮ್ಮೆ ನೀರು ಕುಡಿದಿರಿ? ಗಂಜಿ ಎಲ್ಲಿಂದ ಬರುತ್ತಿತ್ತು? ಕೈಕಾಲು ಸೆಳೆತ ಬಂದಾಗ ಏನು ಮಾಡುತ್ತಿದ್ದಿರಿ? ತಲೆಸುತ್ತಿ ಬಿದ್ದವರನ್ನು ಯಾರು ಎತ್ತಿದರು? ಆ ದಿನದ ಕೂಲಿ ಸಿಕ್ಕಿತೇ? ಸ್ನಾಯುವಿನೊಳಗೆ ನಡೆದುದಕ್ಕೆ ಸಾಕ್ಷ್ಯ ಯಾವ ಕಡತದಲ್ಲಿಯೂ ಇಲ್ಲ. ಅದು ಉಳಿದಿರುವುದು ಈ ಜನರ ನೆನಪಿನಲ್ಲಿ ಮಾತ್ರ. ಅವರಿರುವಾಗಲೇ ಅದನ್ನು ಬರೆದಿಟ್ಟರೆ, ‘ರೂಢಿಯಾಗಿತ್ತು’ ಎಂಬ ಒಂದು ಮಾತಿನಲ್ಲಿ ನಾವು ಮುಗಿಸಿಬಿಟ್ಟ ಚರಿತ್ರೆಯನ್ನು ಮತ್ತೆ ತೆರೆದಂತಾಗುತ್ತದೆ.